ಕುದುರೆಯ ಕ್ರಯವೂ ಹುಲ್ಲುಗಾವಲಿನ ಬೇಲಿಯೂ

ಶಕ್ತಿನಗರದ ಬಳಿ ಕೃಷ್ಣೆಯನ್ನು ದಾಟುವವರ ಕಣ್ಣಿಗೆ ಈಗ ಮೊದಲು ಬೀಳುವುವು ವಿದ್ಯುದಾಗಾರದ ಹೊಗೆಗೂಡುಗಳು. ಅಲ್ಲಿಂದ ದಕ್ಷಿಣಕ್ಕೆ ತುಂಗಭದ್ರೆಯವರೆಗೆ ಹಬ್ಬಿರುವ ಭೂಭಾಗವೇ ಶಾಸನಗಳ ಎಡೆದೊರೆ ನಾಡು. ಈ ನಾಡಿನ ರಾಯಚೂರು ಕೋಟೆಗಾಗಿ ಕ್ರಿ. ಶ. ೧೫೨೦ರಲ್ಲಿ ಕೃಷ್ಣದೇವರಾಯನಿಗೂ ವಿಜಾಪುರದ ಇಸ್ಮಾಯಿಲ್ ಆದಿಲ್‌ಶಾಹನಿಗೂ ಘೋರ ಸಂಗ್ರಾಮವು ನಡೆದುದನ್ನು ಎಲ್ಲರೂ ಬಲ್ಲರು. ಆದರೆ ಅದಕ್ಕೆ ನಿಮಿತ್ತವಾದುದು ಕುದುರೆಗಳಿಗೆಂದು ಕೊಟ್ಟ ಹಣವೆಂಬುದನ್ನು ಬಲ್ಲವರು ವಿರಳ.

ಪೋರ್ತುಗೀಸ ಕುದುರೆ ವ್ಯಾಪಾರಿ ನೂನಿಜನು ಬರೆದಿಟ್ಟ ವೃತ್ತಾಂತದಂತೆ, ಗೋವೆಯಿಂದ ಕುದುರೆಗಳನ್ನು ತರುವುದಕ್ಕಾಗಿ ರಾಯನು ಒಬ್ಬ ಮುಸಲ್ಮಾನ ವರ್ತಕನ ಕೈಯಲ್ಲಿ ೪೦,೦೦೦ ಪರದಾವುಗಳನ್ನು ಕೊಟ್ಟು ಕಳುಹಿಸಿದನು. ಪರದಾವು ಎಂದರೆ ವರಾಹ. ಆ ವರ್ತಕನು ಹಣದೊಡನೆ ಆದಿಲ್‌ಶಾಹನ ಆಶ್ರಯವನ್ನು ಸೇರಿದನು. ಅವನನ್ನು ಒಪ್ಪಿಸೆಂದು ಕೇಳಿದರೂ ಫಲವಾಗಲಿಲ್ಲ. ರಾಯನು ದಂಡೆತ್ತಿ ಹೊರಟನು. ಇದಕ್ಕೆ ಮುಂಚೆ ಸಾಳುವ ನರಸಿಂಹನು ಓರ್ಮುಜ್ ಮತ್ತು ಏಡನ್ ಬಂದರುಗಳ ಕುದುರೆಗಳನ್ನು ಮೂರಕ್ಕೆ ಸಾವಿರ ವರಾಹದಂತೆ ಕೊಳ್ಳುತ್ತಿದ್ದನೆಂದೂ, ಸಮುದ್ರದಲ್ಲಿ ಸತ್ತ ಕುದುರೆಯ ಬಾಲವನ್ನು ತಂದು ತೋರಿಸಿದರೂ ಪೂರ್ತಿ ಕ್ರಯವನ್ನೇ ಕೊಡುತ್ತಿದ್ದನೆಂದೂ ಅದೇ ವೃತ್ತಾಂತದಲ್ಲಿದೆ. ಆ ಧಾರಣೆಯಲ್ಲಿ ೪೦,೦೦೦ ವರಾಹಗಳಿಗೆ ದೊರೆಯುವುವು ೧೨೦ ಕುದುರೆಗಳು ಮಾತ್ರ!

ವಿಜಯನಗರದ ಅರಸನಾದರೋ ವರ್ಷಂಪ್ರತಿ ೧೩,೦೦೦ ಕುದುರೆಗಳನ್ನು ಕೊಂಡು, ಉತ್ತಮವಾದವನ್ನು ತನ್ನ ಲಾಯಕ್ಕೆ ಆರಿಸಿ, ಉಳಿದವನ್ನು ಐದಕ್ಕೆ ಸಾವಿರದಂತೆ ನಾಯಕರಿಗೆ ಮಾರುತ್ತಿದ್ದನಂತೆ. ಇದರಿಂದ ಬೊಕ್ಕಸಕ್ಕೆ ವೆಚ್ಚವೇ ತಗಲುತ್ತಿರಲಿಲ್ಲವೆಂದು ನೂನಿಜನು ಹೇಳುತ್ತಾನೆ. ನಾಯಕರ ಹಣವು ಅವರ ಸೀಮೆಯ ಕಂದಾಯದಿಂದ ಬಂದುದು. ಆದುದರಿಂದ ಕಡೆಗೆ ಕುದುರೆಯ ಕ್ರಯವನ್ನು ತೆತ್ತವನು ನೇಗಿಲು ಹಿಡಿದವನೇ.

ವರ್ಷವರ್ಷವೂ ಕೊಳ್ಳಬೇಕಾದುದೇಕೆ? ಹದಿಮೂರನೆಯ ಶತಮಾನದ ಕೊನೆಯಲ್ಲಿ ತಮಿಳು ಕರಾವಳಿಯನ್ನು ಕಂಡ ಮಾರ್ಕೊ ಪೋಲೋ ಇದಕ್ಕೆ ಉತ್ತರ ಕೊಟ್ಟಿದ್ದಾನೆ. ಅಲ್ಲಿಯ ಅರಸರು ಸಾವಿರಾರು ಕುದುರೆಗಳನ್ನು ತರಿಸಿದರೂ ವರ್ಷಾಂತ್ಯಕ್ಕೆ ಉಳಿಯುತ್ತಿದ್ದುವು ಅತ್ಯಲ್ಪ. ಅನ್ನದೊಡನೆ ಬೇಯಿಸಿದ ಮಾಂಸವೇ ಅವುಗಳ ಆಹಾರವಾಗಿತ್ತು. ಚಿಕಿತ್ಸೆ ಬಲ್ಲವರೂ ಇರಲಿಲ್ಲ. ಹಾಯಿಯನ್ನು ಏರಿ ಬಂದ ಕುದುರೆಯನ್ನು ಹಗ್ಗದಿಂದ ಗೂಟಕ್ಕೆ ಬಿಗಿದು ಸಾಕಬಹುದು. ಆದರೆ ಹೆಣ್ಣುಕುದುರೆಯು ಮರಿಹಾಕಿ, ಮರಿಯು ಓಡಿಯಾಡಿ ಕಾಲು ಬಲಿಯಬೇಕಾದರೆ ಹಗ್ಗವು ಸಾಲದು. ಹುಲ್ಲುಗಾವಲು ಬೇಕು, ಹುಲ್ಲುಗಾವಲಿಗೆ ಬೇಲಿ ಬೇಕು.

ಬೇಲಿಯ ವಿಚಾರವನ್ನು ನಮ್ಮ ಪ್ರಾಚೀನರು ಅಲಕ್ಷಿಸಿರಲಿಲ್ಲ. ಊರಿನ ಸುತ್ತಲೂ ನೂರು ಬಿಲ್ಲಿನಷ್ಟು ಗೋಮಾಳವನ್ನು ಬಿಡಬೇಕೆಂದು ಮನುಸ್ಮೃತಿಯ ಎಂಟನೆಯ ಅಧ್ಯಾಯವು ವಿಧಿಸುತ್ತದೆ. ಅದಕ್ಕೆ ಹೊಂದಿದ ಹೊಲಗಳಿಗೆ ಒಂಟೆಯು ಇಣಿಕಿ ನೋಡಲಾರದಷ್ಟು ಎತ್ತರವಾಗಿ, ನಾಯಿ ಹಂದಿಗಳು ಮೂತಿ ತೂರಿಸಲಾರದಷ್ಟು ಸಾಂದ್ರವಾಗಿ ಬೇಲಿಯಿರಬೇಕು. ಬೇಲಿಯಿಲ್ಲದ ಪೈರನ್ನು ಪಶುಗಳು ಮೇಯ್ದರೆ ಕಾಯುವವನಿಗೆ ದಂಡವಿಲ್ಲ. ಎಂದರೆ ಬೇಲಿಯ ಭಾರವು ಹೊಲದೊಡೆಯನದು. ಮೈಸೂರಿನ ಶಾಮಶಾಸ್ತ್ರಿಗಳು ೧೯೦೯ರಲ್ಲಿ ಪ್ರಕಟಿಸಿದ ಕೌಟಿಲ್ಯನ ಅರ್ಥಶಾಸ್ತ್ರವಾದರೋ ಊರಿನ ಸುತ್ತ ಕಂಬದ ಬೇಲಿಯನ್ನು ಹಾಕಿಸಬೇಕೆಂದು ಹೇಳಿ, ಅದನ್ನು ಸಾರ್ವಜನಿಕ ಕಾರ್ಯವಾಗಿ ಎಣಿಸುತ್ತದೆ.

ಇವೆರಡರಲ್ಲಿ ಯಾವುದು ಯುಕ್ತವೆಂಬುದನ್ನು ಕ್ಷೇತ್ರಗಣಿತದಿಂದಲೇ ತಿಳಿಯಬಹುದು. ಒಂದು ಎಕರೆಯ ಚೌಕ ನೆಲಕ್ಕೆ ಸುಮಾರು ೮೩೫ ಅಡಿ ಬೇಲಿ ಬೇಕು. ನೂರು ಎಕರೆಗೆ ಬೇಕಾದುದು ೮೩,೫೦೦ ಅಡಿಯಲ್ಲ, ೮,೩೫೦ ಅಡಿ ಮಾತ್ರ. ನೆಲವು ನೂರ್ಮಡಿಯಾದರೆ ಬೇಲಿಯು ಹತ್ತುಮಡಿ. ಆದಕಾರಣ ಬೇಲಿಯ ವೆಚ್ಚವು ಅರಸನಿಗೆ ಹಗುರ, ಬಡರೈತನಿಗೆ ಭಾರ. ಜಾಲಿಮುಳ್ಳಿನ ಬೇಲಿಯು ಅಗ್ಗವಾದರೂ ಗೆದ್ದಲಿಗೆ ತುತ್ತಾಗುತ್ತದೆ; ಕಳ್ಳಿಯು ಬೆಳೆಯುವ ತನಕ ಕಾಯಬೇಕು; ಕಲ್ಲಿನ ಗೋಡೆಯು ತಲೆಮಾರುಗಳವರೆಗೆ ಬಾಳುತ್ತದೆ, ಆದರೆ ಎರೆಭೂಮಿಗೆ ಕಲ್ಲನ್ನು ಬಂಡಿಯ ಮೇಲೆ ಹೇರಿ ತರಬೇಕು. ೧೮೭೪ರಲ್ಲಿ ಅಮೆರಿಕದ ಗ್ಲಿಡನ್ ಎಂಬಾತನು ಸನ್ನದು ಪಡೆದ ಮುಳ್ಳುತಂತಿಯು ದನಗಳನ್ನು ತಡೆಯಲು ಸುಲಭೋಪಾಯವಾಯಿತು. ಬೆದರಿ ಓಡುವ ಕುದುರೆಗೆ ಅದು ಮೈಸೀಳುವ ಆಯುಧ. ಹೀಗೆ ಕುದುರೆಯ ಬೇಲಿಯು ಎಂದೂ ಅಗ್ಗವಾಗಲಿಲ್ಲ.

ಟಿಪ್ಪು ಸುಲ್ತಾನನ ಕಾಲದ್ದೆಂದು ಪ್ರಸಿದ್ಧವಾದ ಕುಣಿಗಲಿನ ಕುದುರೆ ಫಾರಂ ಕನ್ನಡ ನಾಡಿನಲ್ಲಿ ಈ ವೆಚ್ಚವನ್ನು ವಹಿಸಿದ ನೆಲೆ. ಅದರ ವಿಸ್ತಾರವು ನಾನೂರು ಎಕರೆಗೂ ಮಿಕ್ಕುದು. ಅಷ್ಟು ನೆಲವು ಚೌಕವಾಗಿದ್ದರೂ ಹೊರಸುತ್ತು ಮೂರು ಮೈಲಿಯನ್ನು ಮೀರುತ್ತದೆ. ಗಂಡು, ಗರ್ಭಿಣಿ, ಮರಿಗಳನ್ನು ಬೇರೆಬೇರೆ ಬಿಡಲು ಒಳಬೇಲಿಗಳೂ ಬೇಕು.

ರಾಯಚೂರಿನ ಯುದ್ಧದಲ್ಲಿ ಗೆದ್ದ ರಾಯನಿಗೆ ಓರ್ಮುಜಿನ ಕುದುರೆಗಳೇ ೪,೦೦೦ ಸಿಕ್ಕಿದುವೆಂದು ನೂನಿಜನು ಬರೆದಿದ್ದಾನೆ. ಓಡಿದ ಶತ್ರುಸೈನಿಕರಲ್ಲಿ ಅನೇಕರು ಕೃಷ್ಣೆಯಲ್ಲಿ ಮುಳುಗಿ ಸತ್ತರು. ನೂರಿಪ್ಪತ್ತು ಕುದುರೆಗಳ ಕ್ರಯವು ನಿಮಿತ್ತವಾಗಿ ಆರಂಭವಾದ ಕಲಹವು ಇಷ್ಟು ಪ್ರಾಣಗಳನ್ನು ತೆಗೆದುಕೊಂಡಿತು. ಅಷ್ಟಾದರೂ ಪರದೇಶದ ಹಡಗನ್ನು ಕಾಯುವುದು ವಿಜಯನಗರಕ್ಕೆ ತಪ್ಪಲಿಲ್ಲ. ಕುದುರೆಯ ಕ್ರಯವನ್ನು ಒಂದೇ ದಿನ ಎಣಿಸಿ ಕೊಡಬಹುದು. ಬೇಲಿಯ ಕ್ರಯವನ್ನು ತಲೆಮಾರುಗಳವರೆಗೆ ತಾಳ್ಮೆಯಿಂದ ಕೊಡಬೇಕು. ಆ ತಾಳ್ಮೆಯಿಲ್ಲದ ಅರಸನು ಎಷ್ಟು ಗೆದ್ದರೂ ಮುಂದಿನ ವರ್ಷ ಮತ್ತೆ ಕೊಳ್ಳಲೇಬೇಕು.