ಆಟದ ಪೆಟ್ಟಿಗೆ ತೆರೆದ ಬಗೆ

ಮಲಯಾಳದಲ್ಲಿ ‘ಕಳಿ’ ಎಂದರೆ ಆಟ, ‘ಪೆಟ್ಟಿ’ ಎಂದರೆ ಪೆಟ್ಟಿಗೆ. ಕೇರಳದ ಒಂದರಿಂದ ನಾಲ್ಕನೇ ತರಗತಿಯ ಮಕ್ಕಳಿಗಾಗಿ ಬಂದ ಕಂಪ್ಯೂಟರ್ ಪಠ್ಯಪುಸ್ತಕದ ಹೆಸರು ‘ಕಳಿಪ್ಪೆಟ್ಟಿ’. ಸರ್ಕಾರವೇ ತನ್ನ ಪಠ್ಯಪುಸ್ತಕವನ್ನು ಆಟದ ಪೆಟ್ಟಿಗೆ ಎಂದು ಕರೆಯುವುದು ಸಣ್ಣ ಮಾತಲ್ಲ. ಆಡುವ ಮಗುವಿನ ಕಿವಿ ಹಿಂಡಿ ಓದಲು ಕೂರಿಸುವುದೇ ವಿದ್ಯೆ ಎಂದು ನಂಬಿದ್ದ ಶಾಲೆಗಳು ಇಲ್ಲಿಗೆ ಬಂದದ್ದು ಹೇಗೆ? ಆ ದಾರಿಯ ಮೊದಲ ತಿರುವಿನಲ್ಲಿ ಒಬ್ಬ ಕನ್ನಡಿಗರು ಸಿಗುತ್ತಾರೆ.

ಅವರು ಉಡುಪಿಯ ಅದಮಾರಿನ ಪ್ರೊ. ಯು. ಆರ್. ರಾವ್. ‘ಆರ್ಯಭಟ’ ಉಪಗ್ರಹದ ರೂವಾರಿ, ಇಸ್ರೋದ ಮಾಜಿ ಅಧ್ಯಕ್ಷ. ಶಾಲೆಗಳಲ್ಲಿ ಮಾಹಿತಿ ತಂತ್ರಜ್ಞಾನ ಹೇಗಿರಬೇಕು ಎಂದು ಸಲಹೆ ಕೊಡಲು ಕೇರಳ ಸರ್ಕಾರ ನೇಮಿಸಿದ ಕಾರ್ಯಪಡೆಗೆ ಅವರೇ ಅಧ್ಯಕ್ಷರು. ಅದರ ಶಿಫಾರಸಿನ ಮೇಲೆ 2001ರಲ್ಲಿ ತಿರುವನಂತಪುರದಲ್ಲಿ ‘ಐಟಿ ಅಟ್ ಸ್ಕೂಲ್’ ಯೋಜನೆ ಶುರುವಾಯಿತು. ಉಪಗ್ರಹದ ಮನುಷ್ಯ ಹಾಕಿದ ಅಡಿಪಾಯದ ಮೇಲೆ ಮುಂದೆ ಉಪಗ್ರಹವೂ ಬಂದಿತು. ಎಜುಸ್ಯಾಟ್ ನೆರವಿನ ‘ವಿಕ್ಟರ್ಸ್’ ಶಿಕ್ಷಣ ಜಾಲವನ್ನು 2005ರಲ್ಲಿ ರಾಷ್ಟ್ರಪತಿ ಅಬ್ದುಲ್ ಕಲಾಂ ಉದ್ಘಾಟಿಸಿದರು.

ಅದೇ 2001ರ ಜುಲೈನಲ್ಲಿ ತಿರುವನಂತಪುರದಲ್ಲಿ ಇನ್ನೊಂದು ಘಟನೆ ನಡೆಯಿತು. ಸ್ವತಂತ್ರ ತಂತ್ರಾಂಶ ಚಳವಳಿಯ ರಿಚರ್ಡ್ ಸ್ಟಾಲ್‌ಮನ್ ಬಂದು, ಭಾರತದ ಫ್ರೀ ಸಾಫ್ಟ್‌ವೇರ್ ಫೌಂಡೇಶನ್ ಅಲ್ಲಿ ಆರಂಭವಾಯಿತು. ಕೇರಳದ ಶಾಲೆಗಳು ಮೊದಲು ವಿಂಡೋಸ್‌ನಲ್ಲೇ ಕಲಿಯುತ್ತಿದ್ದವು. ಶಿಕ್ಷಕರ ಸಂಘಟನೆಗಳ ಮತ್ತು ಸ್ವತಂತ್ರ ತಂತ್ರಾಂಶದ ಕಾರ್ಯಕರ್ತರ ಒತ್ತಾಯದಿಂದ ಕೆಲವೇ ವರ್ಷಗಳಲ್ಲಿ ಗ್ನೂ/ಲಿನಕ್ಸ್‌ನತ್ತ ಹೊರಳಿದವು.

ಇದು ಬರೀ ದುಡ್ಡಿನ ಲೆಕ್ಕವಲ್ಲ. ಆಟದ ಕತೆ ಇಲ್ಲೇ ಹುಟ್ಟುವುದು. ಲೈಸೆನ್ಸಿಗೆ ಹಣ ಕೊಡಬೇಕಾದಾಗ ಯಾವ ಶಾಲೆಯೂ ಮೊದಲು ಆಟ ಕೊಳ್ಳುವುದಿಲ್ಲ. ಬರಹ, ಲೆಕ್ಕಪತ್ರದ ತಂತ್ರಾಂಶ ಕೊಳ್ಳುತ್ತದೆ. ಲಿನಕ್ಸ್ ಜೊತೆಗೆ ಮಾತ್ರ ಜಗತ್ತಿನ ಯಾರಾರೋ ಮಕ್ಕಳಿಗಾಗಿ ಬರೆದ ಆಟಗಳು ಪುಕ್ಕಟೆಯಾಗಿ ಬಂದವು. ಫ್ರಾನ್ಸಿನಲ್ಲಿ 2000ದಲ್ಲಿ ಹುಟ್ಟಿದ ‘ಜಿಕಾಂಪ್ರಿ’ ಅಂಥದ್ದು. ‘ನನಗೆ ಅರ್ಥವಾಯಿತು’ ಎಂಬ ಫ್ರೆಂಚ್ ಮಾತಿನಿಂದ ಬಂದ ಹೆಸರು. ಚಿತ್ರ ಬಿಡಿಸುವ ‘ಟಕ್ಸ್ ಪೇಂಟ್’, ರೇಖಾಗಣಿತವನ್ನು ಎಳೆದಾಡಿ ನೋಡುವ ‘ಜಿಯೋಜೀಬ್ರಾ’ ಕೂಡ ಹೀಗೇ ಬಂದವು. ಒಂದು ಸಿ.ಡಿ. ಇದ್ದರೆ ಜಿಲ್ಲೆಗೆಲ್ಲ ಪ್ರತಿ ಮಾಡಬಹುದಿತ್ತು, ಅದು ಅಪರಾಧವಾಗಿರಲಿಲ್ಲ. ಇಂಟರ್ನೆಟ್ ತೆವಳುತ್ತಿದ್ದ ಕಾಲದಲ್ಲಿ ಯಂತ್ರದೊಳಗೇ ಆಟವಿದ್ದದ್ದು ಹಳ್ಳಿಯ ಶಾಲೆಗೆ ದೊಡ್ಡ ಅನುಕೂಲ.

ಆಟದಿಂದ ಪಾಠ ಎಂಬುದು ಕೇರಳದ ಶೋಧವೇನಲ್ಲ. 1971ರಲ್ಲಿ ಅಮೆರಿಕದ ಮಿನ್ನಿಯಾಪೊಲಿಸ್‌ನಲ್ಲಿ ಮೂವರು ತರಬೇತಿ ಶಿಕ್ಷಕರು ವಲಸೆಗಾರರ ಇತಿಹಾಸ ಕಲಿಸಲು ‘ಒರೆಗಾನ್ ಟ್ರೇಲ್’ ಆಟ ಬರೆದರು. ಪರದೆ ಕೂಡ ಇಲ್ಲದೆ, ಟೆಲಿಟೈಪ್ ಕಾಗದದ ಮೇಲೆ ಮಕ್ಕಳು ಅದನ್ನು ಆಡಿದರು. ಅದಕ್ಕೂ ಮುಂಚೆ, 1967ರಲ್ಲಿ, ಸೆಮೋರ್ ಪ್ಯಾಪರ್ಟ್ ಮತ್ತು ಸಂಗಡಿಗರು ಮಕ್ಕಳಿಗಾಗಿ ‘ಲೋಗೋ’ ಎಂಬ ಪ್ರೋಗ್ರಾಮಿಂಗ್ ಭಾಷೆ ಮಾಡಿದ್ದರು. ಕೇರಳ ಮಾಡಿದ್ದೇನೆಂದರೆ, ಆಯ್ದ ಶಾಲೆಗಳ ಸೊತ್ತಾಗಿದ್ದ ಈ ವಿಚಾರವನ್ನು ಸರ್ಕಾರಿ ಶಾಲೆಯ ಬೆಂಚಿಗೆ ತಂದದ್ದು.

2017ರಲ್ಲಿ ಐಟಿ ಅಟ್ ಸ್ಕೂಲ್ ‘ಕೈಟ್’ ಎಂಬ ಸರ್ಕಾರಿ ಕಂಪನಿಯಾಯಿತು. ಪ್ರಧಾನ ಕಚೇರಿ ತಿರುವನಂತಪುರ. ಕೊಚ್ಚಿಯ ಇಡಪ್ಪಳ್ಳಿಯಲ್ಲಿ ಪ್ರಾದೇಶಿಕ ಕೇಂದ್ರ. 2018ರಲ್ಲಿ ಶುರುವಾದ ‘ಲಿಟ್ಲ್ ಕೈಟ್ಸ್’ ಕ್ಲಬ್ಬುಗಳಲ್ಲಿ ಪ್ರೌಢಶಾಲೆಯ ಮಕ್ಕಳು ‘ಸ್ಕ್ರ್ಯಾಚ್’ ಬಳಸಿ ತಾವೇ ಆಟ ಕಟ್ಟತೊಡಗಿದರು. 2024ರಲ್ಲಿ ಒಂದು, ಮೂರನೇ ತರಗತಿಗೆ ಬಂದ ಹೊಸ ಪುಸ್ತಕಗಳಲ್ಲಿ ಸಂಚಾರ ನಿಯಮ, ಕಸ ವಿಂಗಡಣೆ ಕಲಿಸುವ, ಕೈಟ್ ತಾನೇ ತಯಾರಿಸಿದ ಆಟಗಳಿದ್ದವು. ಫ್ರಾನ್ಸಿನ ಆಟ ಆಡಿದ ಶಾಲೆ ತನ್ನ ಬೀದಿಯ ಆಟ ಮಾಡಿಕೊಂಡಿತು.

ಬೀದಿ ಬಂದಾಗ ಭಾಷೆಯೂ ಬರುತ್ತದೆ. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳ ಪಠ್ಯ 1956ರ ಬಳಿಕ ತಿರುವನಂತಪುರದಿಂದಲೇ ಬರುತ್ತಿದೆ. ಬಣ್ಣ ಹಚ್ಚುವ, ಚಿತ್ರ ಜೋಡಿಸುವ ಆಟಕ್ಕೆ ಅನುವಾದ ಬೇಡ. ಮಂಜೇಶ್ವರದ ಮಗುವೂ ಕೊಚ್ಚಿಯ ಮಗುವೂ ಒಂದೇ ಇಲಿಯನ್ನು ಒಂದೇ ಥರ ಓಡಿಸುತ್ತವೆ. ಪ್ರಶ್ನೆ ಕೇಳುವ, ಮಾತಾಡುವ ಆಟ ಹಾಗಲ್ಲ. ಪುಸ್ತಕ ಕನ್ನಡದಲ್ಲಿದ್ದು ಪರದೆ ಬೇರೆ ಭಾಷೆಯಲ್ಲಿ ಮಾತಾಡಿದರೆ ಮಗುವಿಗೆ ಆಟವೂ ಪರೀಕ್ಷೆಯೇ ಆಗಿಬಿಡುತ್ತದೆ. 2017ರಲ್ಲಿ ಮಲಯಾಳ ಕಡ್ಡಾಯದ ವಿರುದ್ಧ ಬೀದಿಗಿಳಿದ ಊರಿಗೆ ಈ ಸೂಕ್ಷ್ಮ ಬಿಡಿಸಿ ಹೇಳಬೇಕಿಲ್ಲ. ಸಮಾಧಾನದ ಸಂಗತಿಯೆಂದರೆ, ಮೂಲ ಕೋಡ್ ಮುಕ್ತವಾಗಿರುವ ಆಟಕ್ಕೆ ಕನ್ನಡ ಸೇರಿಸಲು ಯಾವ ಕಂಪನಿಯ ಅಪ್ಪಣೆಯೂ ಬೇಡ. ಕೆಲಸ ಮಾಡುವ ಕೈ ಬೇಕು, ಅಷ್ಟೆ. ಬೆಂಗಳೂರಿನಲ್ಲಿ ಕೋಡ್ ಬರೆದು ಬದುಕುವ ನಮ್ಮಂಥವರು ಕೇಳಿಸಿಕೊಳ್ಳಬೇಕಾದ ಮಾತಿದು.

ಕೋವಿಡ್ ಬಂದು, 2020ರ ಜೂನ್ 1ರಂದು ‘ಫಸ್ಟ್ ಬೆಲ್’ ತರಗತಿಗಳು ವಿಕ್ಟರ್ಸ್ ವಾಹಿನಿಯಲ್ಲಿ ಆರಂಭವಾದವು. ಪಾಠಕ್ಕೆಂದು ಮಕ್ಕಳ ಕೈಗೆ ಮೊಬೈಲ್ ಬಂತು, ಅದರ ಹಿಂದೆಯೇ ಬೇರೆ ಥರದ ಆಟವೂ ಬಂತು. 2023ರಲ್ಲಿ ಕೇರಳ ಪೊಲೀಸರು ಮೊಬೈಲ್, ಆನ್‌ಲೈನ್ ಗೇಮ್‌ಗಳ ಚಟ ಬಿಡಿಸಲು ‘ಡಿ-ಡ್ಯಾಡ್’ ಕೇಂದ್ರಗಳನ್ನು ತೆರೆದ ನಗರಗಳಲ್ಲಿ ತಿರುವನಂತಪುರ ಮತ್ತು ಕೊಚ್ಚಿಯೂ ಇವೆ. ಒಂದೇ ಊರಿನಲ್ಲಿ ಒಂದು ಕಚೇರಿ ಆಟ ಕಲಿಸುತ್ತದೆ, ಇನ್ನೊಂದು ಆಟ ಬಿಡಿಸುತ್ತದೆ.

ಇದರಲ್ಲಿ ವಿರೋಧವೇನಿಲ್ಲ. ಮಗು ಎದ್ದು ಹೋಗದಂತೆ ಕಟ್ಟಿಹಾಕಿದಷ್ಟೂ ಆ ಇನ್ನೊಂದು ಆಟಕ್ಕೆ ಲಾಭ. ಕಳಿಪ್ಪೆಟ್ಟಿಯ ಆಟ ಪಿರಿಯಡ್ ಬೆಲ್ ಹೊಡೆದಾಗ ಮುಗಿಯುತ್ತದೆ. ಪಕ್ಕದಲ್ಲಿ ಟೀಚರ್ ಇರುತ್ತಾರೆ, ಸರದಿಗಾಗಿ ಕಾಯುವ ಗೆಳತಿ ಇರುತ್ತಾಳೆ. ಪೆಟ್ಟಿಗೆ ಎಂದಮೇಲೆ ಅದಕ್ಕೊಂದು ಮುಚ್ಚಳ ಇರಬೇಕು. ತೆರೆಯುವುದನ್ನು ಕಲಿಸಿದ ಶಾಲೆ ಮುಚ್ಚುವುದನ್ನೂ ಕಲಿಸಿದರೆ ಪಾಠ ಪೂರ್ತಿಯಾದಂತೆ.