ಕಣ್ಮುಚ್ಚಿದರೆ ಕಪ್ಪು

ತುಂಬಾ ದಿನಗಳಿಂದ ಬರೀಬೇಕು ಅಂದ್ಕೊಂಡಿದ್ದ ವಿಷಯ. ಇವತ್ತು ಪುರುಸೊತ್ತಾಯ್ತು.

ನನ್ನ ಮಗಳಿಗೆ ಒಂಬತ್ತು ವರ್ಷ. ಶಾಲೆಗೆ ಜೋಗದ ಬಗ್ಗೆ ಪ್ರಬಂಧ ಬರೀಬೇಕಿತ್ತು. "ಕಣ್ಮುಚ್ಕೋ, ಹೋದ ವರ್ಷ ನೋಡಿದ್ದು ಕಣ್ಮುಂದೆ ಬರುತ್ತೆ, ಅದನ್ನೇ ಬರಿ" ಅಂದೆ. ಮುಚ್ಚಿಕೊಂಡು ಕೂತಳು. "ಏನೂ ಇಲ್ಲಪ್ಪಾ.. ಕಪ್ಪಗಿದೆ" ಅಂದಳು. ಸೋಮಾರಿತನ ಅಂದ್ಕೊಂಡು ಗದರಿದೆ. ಅತ್ತು ಮುಗಿದ ಮೇಲೆ ಅವಳು ಕೇಳಿದ್ದು ಇಷ್ಟು: "ನಿನಗೆ ನಿಜವಾಗ್ಲೂ ಕಾಣುತ್ತಾ? ಅದು ಸುಮ್ನೆ ಹೇಳೋ ಮಾತು ಅಂದ್ಕೊಂಡಿದ್ದೆ."

ಈ ಪ್ರಶ್ನೆಯ ಜಾಡು ಹಿಡಿದು ಹೊರಟವನಿಗೆ ಸಿಕ್ಕಿದ್ದು ಒಂದು ಹಳೆಯ ಕಥೆ.

ಡಾರ್ವಿನ್ನನ ಸಂಬಂಧಿ ಫ್ರಾನ್ಸಿಸ್ ಗಾಲ್ಟನ್ ಇಂಗ್ಲೆಂಡಿನಲ್ಲಿ ಹಲವರಿಗೆ ಒಂದು ಪ್ರಶ್ನಾವಳಿ ಕಳಿಸಿದ. ಇವತ್ತು ಬೆಳಿಗ್ಗೆ ತಿಂಡಿಗೆ ಕೂತ ಮೇಜನ್ನು ನೆನೆಸಿಕೊಳ್ಳಿ. ಚಿತ್ರ ಮಸುಕೋ, ಬೆಳಕಾಗಿದೆಯೋ? ಅಂಚು ಸ್ಪಷ್ಟವೋ? ಬಣ್ಣ ಕಾಣುತ್ತದೋ? ಮೊದಲು ಕೇಳಿದ್ದು ವಿಜ್ಞಾನಿ ಗೆಳೆಯರನ್ನು. ಅವರಲ್ಲಿ ಬಹಳ ಜನ ಅಂಥದ್ದೇನೂ ಇಲ್ಲವೇ ಇಲ್ಲ, 'ಮನಸ್ಸಿನ ಕಣ್ಣು' ಅನ್ನೋದು ಬರೀ ಅಲಂಕಾರ ಅಂದುಬಿಟ್ಟರಂತೆ. ನನ್ನ ಮಗಳ ಮಾತೇ! 1880ರಲ್ಲಿ 'ಮೈಂಡ್' ಪತ್ರಿಕೆಯಲ್ಲಿ ಗಾಲ್ಟನ್ ಇದನ್ನು ಬರೆದ. (ವಿಜ್ಞಾನಿಗಳ ಬಗ್ಗೆ ಅವನು ಹೇಳಿದ್ದು ಅತಿಯಾಯ್ತು ಅಂತ 2006ರಲ್ಲಿ ಮರುಪರಿಶೀಲಿಸಿದವರು ತೋರಿಸಿದ್ದಾರೆ. ಆದರೆ ಕೆಲವರಿಗೆ ಕಾಣೋದಿಲ್ಲ ಅನ್ನೋದು ನಿಜ.)

ಆಮೇಲೆ ಹೆಚ್ಚುಕಡಿಮೆ ಮೌನ. 1973ರಲ್ಲಿ ಡೇವಿಡ್ ಮಾರ್ಕ್ಸ್ ಈ ಚಿತ್ರಗಳ ಸ್ಪಷ್ಟತೆ ಅಳೆಯೋ ಪ್ರಶ್ನಾವಳಿ ಮಾಡಿದರು. ಆದರೂ ಏನೂ ಕಾಣದವರಿಗೆ ಒಂದು ಹೆಸರಿರಲಿಲ್ಲ. 2010ರಲ್ಲಿ ನರರೋಗ ತಜ್ಞ ಆಡಮ್ ಜೆಮನ್, ಹೃದಯದ ಚಿಕಿತ್ಸೆಯ ನಂತರ ಒಳಗಿನ ಚಿತ್ರಗಳನ್ನೆಲ್ಲ ಕಳೆದುಕೊಂಡ 65 ವರ್ಷದ ಒಬ್ಬರ ಬಗ್ಗೆ ವರದಿ ಮಾಡಿದರು. ಅದು 'ಡಿಸ್ಕವರ್' ಪತ್ರಿಕೆಯಲ್ಲಿ ಬಂದಾಗ, "ನಮಗೆ ಹುಟ್ಟಿದಾಗಿನಿಂದಲೇ ಹೀಗೆ" ಅಂತ ಓದುಗರು ಮುಂದೆ ಬಂದರು. ಅಂಥ 21 ಜನರ ಬಗ್ಗೆ ಬರೆಯುತ್ತಾ ಜೆಮನ್ ಮತ್ತು ಜೊತೆಗಾರರು 2015ರಲ್ಲಿ ಹೆಸರಿಟ್ಟರು - ಅಫ್ಯಾಂಟೇಸಿಯ. ಅರಿಸ್ಟಾಟಲ್‌ನ 'ಫ್ಯಾಂಟೇಸಿಯ'ದ ಹಿಂದೆ ಒಂದು 'ಅ', ನಮ್ಮ 'ಅಜ್ಞಾನ'ದ 'ಅ' ಇದ್ದ ಹಾಗೆ.

ಗಾಲ್ಟನ್ ಪ್ರಶ್ನೆಯಿಂದ ಹೆಸರಿನ ತನಕ 135 ವರ್ಷ! ಅಷ್ಟು ಕಾಲ ಎಷ್ಟು ಮಕ್ಕಳು ಬೈಸಿಕೊಂಡಿರಬಹುದು?

ಇನ್ನೊಂದು ವಿಷಯ ನನ್ನನ್ನು ಕಾಡಿತು. ಗಾಲ್ಟನ್ ಈ ಪ್ರಶ್ನಾವಳಿಯ ವಿಷಯವನ್ನು 1883ರ ತನ್ನ ಪುಸ್ತಕದಲ್ಲೂ ಸೇರಿಸಿದ. 'ಯೂಜೆನಿಕ್ಸ್' ಪದ ಹುಟ್ಟಿದ್ದೂ ಅದೇ ಪುಸ್ತಕದಲ್ಲಿ. ಮನುಷ್ಯರಲ್ಲಿ ಇಂಥವರು ಮೇಲು, ಇಂಥವರು ಕೀಳು ಅಂತ ತಳಿ ಆರಿಸುವ ವಿಚಾರ ಅದು. ವ್ಯತ್ಯಾಸವನ್ನು ಅಷ್ಟು ಚೆನ್ನಾಗಿ ಗಮನಿಸಿದವನೇ ಅದಕ್ಕೆ ದರ್ಜೆ ಹಚ್ಚಲು ಹೊರಟ. ಅವತ್ತು ಸಂಜೆ ನಾನು ಮಾಡಿದ್ದೂ ಸಣ್ಣ ಪ್ರಮಾಣದಲ್ಲಿ ಅದನ್ನೇ ಅಲ್ಲವೇ?

ಇದು ಕಾಯಿಲೆಯಲ್ಲ. ಪಿಕ್ಸಾರ್ ಕಟ್ಟಿದವರಲ್ಲಿ ಒಬ್ಬರಾದ ಎಡ್ ಕ್ಯಾಟ್‌ಮಲ್ ಅವರಿಗೂ ಒಳಗೆ ಚಿತ್ರ ಕಾಣೋದಿಲ್ಲ!

ಈಗ ನಮ್ಮನೇಲಿ "ಕಲ್ಪಿಸ್ಕೋ" ಅನ್ನೋದಿಲ್ಲ. ಲೆಕ್ಕಕ್ಕೆ ಹುಣಸೆಬೀಜ, ಭೂಗೋಳಕ್ಕೆ ಕಾಗದದ ಮೇಲೆ ನಕ್ಷೆ, ಪ್ರಬಂಧಕ್ಕೆ ಫೋಟೋ. ಕಾಣಿಸಿದ್ದನ್ನಲ್ಲ, ಗೊತ್ತಿರೋದನ್ನ ಬರಿ ಅಂತೀನಿ. ಜೋಗದ ಬಗ್ಗೆ ಅವಳು ಬರೆದ ಮೊದಲ ಸಾಲು ಮೆಟ್ಟಿಲಿಳಿದು ಕಾಲು ನೋವು ಬಂದದ್ದು :)

ಹೋದ ವರ್ಷ ತೀರಿಕೊಂಡ ನಮ್ಮಮ್ಮನ ಮುಖವೂ ಅವಳಿಗೆ ಕಾಣೋದಿಲ್ಲವಂತೆ. "ಆದ್ರೆ ಅಜ್ಜಿ ಎಡಗೆನ್ನೆ ಮೇಲೆ ಮಚ್ಚೆ ಇತ್ತು, ನನಗೆ ಕೈತುತ್ತು ಹಾಕ್ತಿದ್ರು, ಎಲ್ಲಾ ಗೊತ್ತು" ಅಂದಳು. ಅಮ್ಮನ ಫೋಟೋ ಈಗ ಅವಳ ಓದುವ ಮೇಜಿನ ಮೇಲಿದೆ. ಮಚ್ಚೆ ಯಾವ ಕೆನ್ನೆ ಮೇಲಿತ್ತು ಅಂತ ಚಿತ್ರ ಕಾಣುವ ನಾನು ಫೋಟೋ ನೋಡಿಯೇ ಹೇಳಬೇಕಾಯ್ತು.

ನಿಮ್ಮ ಮನೆ ಮಕ್ಕಳನ್ನೂ ಒಮ್ಮೆ ಕೇಳಿ ನೋಡಿ. ಗದರೋ ಮೊದಲು.