ಬೆರಕೆಯ ಹದ: ಟೈಟಾನಿಯಂ–ಅಲ್ಯೂಮಿನಿಯಂ ಲೋಹಗಳ ಕಥೆ

ಪೀಣ್ಯ, ವೈಟ್‌ಫೀಲ್ಡ್ ಕಡೆ ಉದ್ಯೋಗದಲ್ಲಿರುವ ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಕೆಲವರು ವಿಮಾನದ ಬಿಡಿಭಾಗಗಳ ಕೆಲಸದಲ್ಲಿದ್ದಾರೆ. ಟೈಟಾನಿಯಂ ಎಂಬ ಹೆಸರು ಅವರಿಗೆ ಹೊಸದಲ್ಲ. ಆದರೆ ಆ ಲೋಹವು ಪಳಗಿದ ಚರಿತ್ರೆಯಲ್ಲಿ ನಮ್ಮ ದೇಶದ ವಿಜ್ಞಾನಿಗಳದೂ ಒಂದು ಅಧ್ಯಾಯವಿದೆ ಎಂಬುದನ್ನು ಬಲ್ಲವರು ಕಡಿಮೆ. ಅದನ್ನು ತಿಳಿಸುವುದೇ ಈ ಬರಹದ ಉದ್ದೇಶ.

ಟೈಟಾನಿಯಂ ಇರುವುದನ್ನು 1791ರಲ್ಲಿ ಮೊದಲು ಗುರುತಿಸಿದವರು ಇಂಗ್ಲೆಂಡಿನ ವಿಲಿಯಂ ಗ್ರೆಗರ್. 1795ರಲ್ಲಿ ಹೆಸರಿಟ್ಟವರು ಜರ್ಮನಿಯ ಕ್ಲಾಪ್ರಾತ್. ಕಾದಾಗ ಗಾಳಿಯ ಆಮ್ಲಜನಕ, ಸಾರಜನಕಗಳನ್ನು ಹೀರಿಕೊಂಡು ಪೆಡಸಾಗುವ ಸ್ವಭಾವದಿಂದಾಗಿ ಅದನ್ನು ಶುದ್ಧವಾಗಿ ಪಡೆಯುವುದು ಬಹುಕಾಲ ಕಷ್ಟವಾಗಿತ್ತು. 1930ರ ದಶಕದಲ್ಲಿ ವಿಲ್ಹೆಲ್ಮ್ ಕ್ರಾಲ್ ರೂಪಿಸಿದ ವಿಧಾನ ಆ ತೊಡಕನ್ನು ಬಿಡಿಸಿತು. ಅದರ ಬೆನ್ನಲ್ಲೇ ಜೆಟ್ ವಿಮಾನಗಳ ಯುಗ ಬಂದಿತು. ಉಕ್ಕಿನ ಅರ್ಧಕ್ಕಿಂತ ತುಸುವೇ ಹೆಚ್ಚು ಸಾಂದ್ರತೆಯುಳ್ಳ ಈ ಗಟ್ಟಿ ಲೋಹಕ್ಕೆ ಬೇಡಿಕೆಯೂ ಹುಟ್ಟಿತು.

ಶುದ್ಧ ಟೈಟಾನಿಯಂನ ಪರಮಾಣುಗಳು 882 ಡಿಗ್ರಿ ಸೆಲ್ಸಿಯಸ್‌ವರೆಗೆ ‘ಆಲ್ಫಾ’ ಎಂಬ ಜೋಡಣೆಯಲ್ಲಿಯೂ ಅದಕ್ಕೆ ಮೇಲೆ ‘ಬೀಟಾ’ ಎಂಬ ಬೇರೊಂದು ಜೋಡಣೆಯಲ್ಲಿಯೂ ಇರುತ್ತವೆ. ಅಲ್ಯೂಮಿನಿಯಂ ಬೆರೆಸಿದರೆ ಆಲ್ಫಾ ಬಲಗೊಳ್ಳುತ್ತದೆ. ವೆನೇಡಿಯಂ, ಮಾಲಿಬ್ಡಿನಂ, ನಯೋಬಿಯಂಗಳು ಬೀಟಾವನ್ನು ಉಳಿಸಿಕೊಡುತ್ತವೆ. ತೂಕದಲ್ಲಿ ನೂರಕ್ಕೆ 6 ಪಾಲು ಅಲ್ಯೂಮಿನಿಯಂ, 4 ಪಾಲು ವೆನೇಡಿಯಂ ಸೇರಿಸಿ 1950ರ ದಶಕದಲ್ಲಿ ಅಮೆರಿಕದಲ್ಲಿ ರೂಪಿಸಿದ ಮಿಶ್ರಲೋಹವೇ ಇಂದಿಗೂ ಹೆಚ್ಚು ಬಳಕೆಯಲ್ಲಿರುವುದು. ಆದರೆ ಸುಮಾರು 400 ಡಿಗ್ರಿ ದಾಟಿದರೆ ಅದರ ಬಲ ಕುಗ್ಗುತ್ತದೆ.

ಹಾಗಾದರೆ ಅಲ್ಯೂಮಿನಿಯಂ ಅನ್ನು ಇನ್ನಷ್ಟು ಸೇರಿಸಬಾರದೇಕೆ? ಅತಿಯಾದರೆ ಅಮೃತವೂ ವಿಷವೆಂಬ ಮಾತು ಇಲ್ಲಿ ಅಕ್ಷರಶಃ ನಿಜ. ಸುಮಾರು ನೂರಕ್ಕೆ 8 ಪಾಲು ಮೀರಿದರೆ, ಮೂರು ಟೈಟಾನಿಯಂಗೆ ಒಂದು ಅಲ್ಯೂಮಿನಿಯಂ ಪರಮಾಣುವಿನ ಕಟ್ಟುನಿಟ್ಟಾದ ಜೋಡಣೆಯೊಂದು ಲೋಹದೊಳಗೆ ತಲೆದೋರುತ್ತದೆ. ಅದು ಶಾಖವನ್ನು ಚೆನ್ನಾಗಿ ತಾಳುತ್ತದೆ, ಆದರೆ ಬಾಗುವುದಿಲ್ಲ. ತಾಮ್ರದ ಚೊಂಬು ಕೆಳಗೆ ಬಿದ್ದರೆ ನೆಗ್ಗುತ್ತದೆ. ಕಂಚಿನ ಗಂಟೆ ಬಿದ್ದರೆ ಸೀಳುವುದುಂಟು. ವಿಮಾನದ ಎಂಜಿನ್ನಿನಲ್ಲಿ ಹಾಗೆ ಸೀಳುವ ಲೋಹಕ್ಕೆ ಪ್ರಯಾಣಿಕರ ಪ್ರಾಣವನ್ನು ಒಪ್ಪಿಸುವುದು ಹೇಗೆ?

ಈ ಪೆಡಸುತನವನ್ನು ತಗ್ಗಿಸಲು ಸಂಶೋಧಕರು ನಯೋಬಿಯಂ ಬೆರೆಸುತ್ತಿದ್ದರು. ಹೈದರಾಬಾದಿನ ರಕ್ಷಣಾ ಲೋಹಶಾಸ್ತ್ರ ಸಂಶೋಧನಾಲಯದ ದೀಪಂಕರ ಬ್ಯಾನರ್ಜಿ ಮತ್ತು ಸಂಗಡಿಗರು ಅಂತಹ ಮಿಶ್ರಲೋಹವೊಂದರಲ್ಲಿ ಅದುವರೆಗೆ ಯಾರೂ ಗುರುತಿಸದಿದ್ದ ಪರಮಾಣು ಜೋಡಣೆಯನ್ನು ಕಂಡು 1988ರಲ್ಲಿ ಪ್ರಕಟಿಸಿದರು. ಅದರಲ್ಲಿ ನಯೋಬಿಯಂ ಪರಮಾಣುಗಳು ಸಿಕ್ಕಸಿಕ್ಕಲ್ಲಿ ಕೂರದೆ ತಮ್ಮದೇ ನಿಯತ ಸ್ಥಾನಗಳಲ್ಲಿ ನೆಲೆಸುತ್ತವೆ. ಎರಡು ಟೈಟಾನಿಯಂ, ಒಂದು ಅಲ್ಯೂಮಿನಿಯಂ, ಒಂದು ನಯೋಬಿಯಂ: ಇದು ಅದರ ಲೆಕ್ಕ. ‘ಓ ಫೇಸ್’ ಎಂದು ಲೋಕಪ್ರಸಿದ್ಧವಾದ ಈ ಜೋಡಣೆಯನ್ನು ಆಧರಿಸಿದ ಮಿಶ್ರಲೋಹಗಳು ಹಿಂದಿನವುಗಳಿಗಿಂತ ಬಲದಲ್ಲಿಯೂ ಬಿರುಕು ತಡೆಯುವುದರಲ್ಲಿಯೂ ಮೇಲೆನಿಸಿದವು. ನಯೋಬಿಯಂ ಭಾರವಾದ್ದರಿಂದ ತೂಕ ಸ್ವಲ್ಪ ಹೆಚ್ಚುತ್ತದೆ. ಅದು ತೆರಬೇಕಾದ ಬೆಲೆ. ಬ್ಯಾನರ್ಜಿಯವರು ಮುಂದೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರಾಧ್ಯಾಪಕರಾದರು.

ಟೈಟಾನಿಯಂ, ಅಲ್ಯೂಮಿನಿಯಂಗಳು ಸಮಸಮವಾಗಿರುವ ಇನ್ನೊಂದು ಲೋಹವನ್ನು ಅಮೆರಿಕದ ಜಿ.ಇ. ಕಂಪನಿ ಪಳಗಿಸಿತು. ನೂರು ಪರಮಾಣುಗಳಲ್ಲಿ 48 ಅಲ್ಯೂಮಿನಿಯಂ, 2 ಕ್ರೋಮಿಯಂ, 2 ನಯೋಬಿಯಂ, ಉಳಿದವು ಟೈಟಾನಿಯಂ. ಕ್ರೋಮಿಯಂ ಪೆಡಸುತನವನ್ನು ತಗ್ಗಿಸಿದರೆ, ನಯೋಬಿಯಂ ಕಾದ ಗಾಳಿಯಲ್ಲಿ ಲೋಹ ಸವೆಯದಂತೆ ಕಾಯುತ್ತದೆ. ಹಳೆಯ ನಿಕಲ್ ಅಲಗುಗಳ ಅರ್ಧದಷ್ಟೇ ತೂಗುವ ಇದರ ಅಲಗುಗಳು ಆ ಕಂಪನಿಯ ಜಿಇಎನ್‌ಎಕ್ಸ್ ಎಂಜಿನ್ನಿನಲ್ಲಿ 2011ರಿಂದ ತಿರುಗುತ್ತಿವೆ. ಏರ್ ಇಂಡಿಯಾ 2012ರಲ್ಲಿ ಮೊದಲಿಗೆ ಪಡೆದ ಡ್ರೀಮ್‌ಲೈನರ್‌ಗಳಿಗೂ ಇದೇ ಎಂಜಿನ್ನು. ಅದೇ ಕಂಪನಿಯ ಸಂಶೋಧನಾ ಕೇಂದ್ರ 2000ರಿಂದ ನಮ್ಮ ವೈಟ್‌ಫೀಲ್ಡಿನಲ್ಲಿಯೇ ಇದೆ.

ಪೀಣ್ಯದ ಹುಡುಗರಿಗೆ ಕೊನೆಯದಾಗಿ ಒಂದು ಮಾತು. ಟೈಟಾನಿಯಂ ಕೊರೆಯುವಾಗ ಟೂಲ್ ಬೇಗ ಮೊಂಡಾಗುವುದು ನಿಮ್ಮ ಕೈಯ ದೋಷವಲ್ಲ. ಆ ಮಿಶ್ರಲೋಹ ಶಾಖವನ್ನು ಸಾಗಿಸುವುದು ಬಹಳ ನಿಧಾನ. ಬಿಸಿಯೆಲ್ಲ ಟೂಲಿನ ತುದಿಯಲ್ಲಿಯೇ ನಿಲ್ಲುತ್ತದೆ. ಆದ್ದರಿಂದ ವೇಗ ತಗ್ಗಿಸಿ, ತಂಪು ದ್ರವವನ್ನು ಧಾರಾಳವಾಗಿ ಬಿಡಬೇಕು. ಅದರ ಸಣ್ಣ ಚೂರುಗಳಿಗೆ ಬೆಂಕಿ ಹತ್ತಬಹುದು. ಹತ್ತಿದರೆ ನೀರು ಎರಚಬಾರದು, ಒಣ ಮರಳು ಸುರಿಯಬೇಕು. ಡ್ರಾಯಿಂಗಿನ ಮೂಲೆಯಲ್ಲಿ 6, 4 ಎಂಬ ಅಂಕಿಗಳನ್ನು ಕಂಡಾಗ, ಅವು ಏಕೆ 10 ಮತ್ತು 4 ಆಗಲಿಲ್ಲವೆಂಬುದು ಈಗ ನಿಮಗೆ ಗೊತ್ತು.